'ನಾಳೆಯಿಂದ ಬರಬೇಡ' ಎನ್ನುವ ಮುನ್ನ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡಬಿದಿರೆಗಳಲ್ಲಿ ವ್ಯಾಪಾರಿಗಳು, ಶಾಲಾ ಆಡಳಿತ ಮಂಡಳಿಗಳ ಸದಸ್ಯರು ಹಾಗೂ ಜಮಾಅತ್ ಪದಾಧಿಕಾರಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಊರುಗಳಲ್ಲಿ ಒಂದು ಕುಟುಂಬದ ಅನ್ನವನ್ನು ಕಸಿಯಲು ಎರಡು ಶಬ್ದಗಳು ಸಾಕು: 'ನಾಳೆಯಿಂದ ಬರಬೇಡ.' ಬಿ.ಸಿ. ರೋಡಿನ ಬಟ್ಟೆ ಅಂಗಡಿಯಲ್ಲಿ, ಬೆಳ್ತಂಗಡಿಯ ಹೊಟೇಲಿನಲ್ಲಿ, ಮೂಡಬಿದಿರೆಯ ಗ್ಯಾರೇಜಿನಲ್ಲಿ ಈ ಮಾತನ್ನು ಹೇಳುವುದಕ್ಕೆ ಕಾಗದ ಬೇಕಿಲ್ಲ, ಸಾಕ್ಷಿ ಬೇಕಿಲ್ಲ, ಕಾರಣವೂ ಬೇಕಿಲ್ಲ ಎಂಬ ಭಾವನೆ ಬೇರೂರಿಬಿಟ್ಟಿದೆ. ಹೇಳುವವರಲ್ಲಿ ನಾವೂ ಇದ್ದೇವೆ, ಕೇಳಿಸಿಕೊಂಡವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆದ್ದರಿಂದ ನೌಕರನನ್ನು ಕೆಲಸದಿಂದ ತೆಗೆಯಲು ನ್ಯಾಯಸಮ್ಮತವಾದ ಕಾರಣಗಳು ಯಾವುವು, ಕಾನೂನು ಏನನ್ನುತ್ತದೆ, ನಮ್ಮ ಧರ್ಮ ಏನನ್ನುತ್ತದೆ ಎಂಬುದನ್ನು ಇಂದು ಒಟ್ಟಿಗೇ ಕುಳಿತು ಯೋಚಿಸೋಣ.

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಿಕೊಳ್ಳಬೇಕಾಗಿದೆ. ನೌಕರನನ್ನು ಯಾವತ್ತೂ ತೆಗೆಯಲೇಬಾರದು ಎಂದು ಕಾನೂನು ಹೇಳುವುದಿಲ್ಲ, ಇಸ್ಲಾಮೂ ಹೇಳುವುದಿಲ್ಲ. ಕಳ್ಳತನ, ಲೆಕ್ಕದಲ್ಲಿ ವಂಚನೆ, ನ್ಯಾಯವಾದ ಆದೇಶವನ್ನು ಬೇಕೆಂದೇ ಧಿಕ್ಕರಿಸುವುದು, ರಜೆ ಪಡೆಯದೆ ಪದೇ ಪದೇ ಗೈರುಹಾಜರಾಗುವುದು, ಕುಡಿದು ಬಂದು ಗಲಾಟೆ ಮಾಡುವುದು, ಸಹೋದ್ಯೋಗಿ ಮಹಿಳೆಯೊಡನೆ ಅಸಭ್ಯವಾಗಿ ವರ್ತಿಸುವುದು ಇತ್ಯಾದಿ ದುರ್ನಡತೆಗಳು ಸಾಬೀತಾದರೆ ಕೆಲಸದಿಂದ ತೆಗೆಯುವ ಹಕ್ಕು ಮಾಲಕನಿಗಿದೆ. ದೀರ್ಘಕಾಲದ ಅನಾರೋಗ್ಯದಿಂದ ಕೆಲಸ ಮಾಡಲು ಸಾಧ್ಯವೇ ಆಗದಿರುವುದು ಇನ್ನೊಂದು ಕಾರಣ. ವ್ಯಾಪಾರ ಕುಸಿದು ಸಿಬ್ಬಂದಿಯನ್ನು ಕಡಿತಗೊಳಿಸಬೇಕಾದ ಅನಿವಾರ್ಯತೆ ಮತ್ತೊಂದು. ಇವೆಲ್ಲವೂ ಕಾರಣಗಳೇ. ಆದರೆ ಕಾರಣ ಇದ್ದರಷ್ಟೇ ಸಾಲದು. ವಜಾ ನ್ಯಾಯಬದ್ಧವಾಗಬೇಕಾದರೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಕಾರಣ ನಿಜವೇ? ನೌಕರನ ಮಾತನ್ನು ಆಲಿಸಲಾಗಿದೆಯೇ? ಮೊದಲ ಪ್ರಶ್ನೆಯನ್ನಾದರೂ ನಾವು ಕೆಲವೊಮ್ಮೆ ಕೇಳಿಕೊಳ್ಳುತ್ತೇವೆ. ಎರಡನೆಯದನ್ನು ಕೇಳಿಕೊಳ್ಳುವುದೇ ಇಲ್ಲ.

ಅಂಗಡಿ ಮತ್ತು ಹೊಟೇಲುಗಳ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ರಾಜ್ಯದಲ್ಲಿ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಗೋಡೆಯ ಮೇಲೆ ತೂಗುಹಾಕುವ ಲೈಸನ್ಸಿನ ಕಾಯ್ದೆ ಎಂದಷ್ಟೇ ನಾವದನ್ನು ಬಲ್ಲೆವು. ಆದರೆ ಅದರ 39ನೇ ಕಲಂ ಏನು ಹೇಳುತ್ತದೆ? ಆರು ತಿಂಗಳು ನಿರಂತರವಾಗಿ ದುಡಿದ ನೌಕರನನ್ನು ಸಮಂಜಸವಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ಮುನ್ಸೂಚನೆ ಕೊಡಬೇಕು ಅಥವಾ ಅದರ ಬದಲಿಗೆ ಒಂದು ತಿಂಗಳ ವೇತನ ಕೊಡಬೇಕು. ದುರ್ನಡತೆಯ ಆರೋಪದಲ್ಲಿ ತೆಗೆಯುವಾಗ ಮಾತ್ರ ಮುನ್ಸೂಚನೆಯ ಅಗತ್ಯವಿಲ್ಲ. ಆದರೆ ಆಗ ವಿಚಾರಣೆ ನಡೆಸಿ, ಸಾಕ್ಷ್ಯವನ್ನು ದಾಖಲಿಸಿ, ಆರೋಪವನ್ನು ಸಾಬೀತುಪಡಿಸಿರಬೇಕು. ತೆಗೆದುಹಾಕಲ್ಪಟ್ಟವನಿಗೆ ಮೇಲ್ಮನವಿಯ ಅವಕಾಶವೂ ಇದೆ. ಇದು ಬೆಂಗಳೂರಿನ ದೊಡ್ಡ ಕಂಪೆನಿಗಳಿಗೆ ಮಾಡಿದ ಕಾನೂನಲ್ಲ. ನಾಲ್ಕು ಜನ ಕೆಲಸ ಮಾಡುವ ನಮ್ಮ ಪೇಟೆಯ ಅಂಗಡಿಗೂ ಅನ್ವಯಿಸುವ ಕಾನೂನು.

ವಿಚಾರಣೆ ಎಂದರೆ ಕೋರ್ಟು ಕಚೇರಿಯ ಭಾರೀ ವ್ಯವಹಾರ ಎಂದು ಭಯಪಡಬೇಕಾಗಿಲ್ಲ. 1963ರಲ್ಲಿ ಸುರ್ ಎನಾಮೆಲ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಅದಕ್ಕೆ ಐದು ಸರಳ ಲಕ್ಷಣಗಳನ್ನು ಹೇಳಿತು. ಆರೋಪವೇನೆಂದು ನೌಕರನಿಗೆ ಸ್ಪಷ್ಟವಾಗಿ ತಿಳಿಸಬೇಕು. ಸಾಕ್ಷಿಗಳನ್ನು ಸಾಮಾನ್ಯವಾಗಿ ಅವನ ಎದುರಿನಲ್ಲೇ ವಿಚಾರಿಸಬೇಕು. ಅವರನ್ನು ಪಾಟೀಸವಾಲು ಮಾಡಲು ಅವನಿಗೆ ಅವಕಾಶವಿರಬೇಕು. ತನ್ನ ಪರವಾಗಿ ಹೇಳಿಕೆ ಕೊಡಲು, ಸಾಕ್ಷಿಗಳನ್ನು ತರಲು ಅವನಿಗೆ ಬಿಡಬೇಕು. ಕೊನೆಗೆ ತೀರ್ಮಾನವನ್ನು ಕಾರಣಸಹಿತ ಬರೆದಿಡಬೇಕು. ಇಷ್ಟೇ. ಒಂದು ಮಧ್ಯಾಹ್ನ, ಒಂದು ನೋಟ್ ಪುಸ್ತಕ ಮತ್ತು ಪಕ್ಷಪಾತವಿಲ್ಲದ ಒಬ್ಬ ಹಿರಿಯರು ಇದ್ದರೆ ಚಿಕ್ಕ ಅಂಗಡಿಯಲ್ಲೂ ಇದು ಸಾಧ್ಯ.

ಯಾಕೆ ಇಷ್ಟೆಲ್ಲ ಎಂದು ಕೇಳುವವರಿದ್ದಾರೆ. ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಎರಡು ಸಾವಿರ ರೂಪಾಯಿ ಕಡಿಮೆ ಬಂತು ಎಂದು ಭಾವಿಸೋಣ. ಅಂದು ಗಲ್ಲಾದ ಸಮೀಪ ನಿಂತಿದ್ದ ಹುಡುಗನನ್ನು ಅಲ್ಲೇ ಹೊರಗೆ ಹಾಕಲಾಯಿತು. ವಾರದ ಬಳಿಕ ಲೆಕ್ಕ ತಾಳೆ ನೋಡುವಾಗ ಆ ಹಣ ಸರಕು ತಂದವನಿಗೆ ಪಾವತಿಯಾಗಿತ್ತು, ಬರೆಯಲು ಮರೆತಿತ್ತು ಎಂದು ತಿಳಿಯಿತು. ಈಗ ಆ ಹುಡುಗನ ಗೌರವವನ್ನು ಮರಳಿ ಕೊಡುವವರು ಯಾರು? ನಮ್ಮ ಮೂರೂ ಪೇಟೆಗಳು ಚಿಕ್ಕವು. ಕಳ್ಳನೆಂಬ ಮಾತು ಶುಕ್ರವಾರದ ಜುಮಾ ಮುಗಿಯುವುದರೊಳಗೆ ಊರು ತುಂಬುತ್ತದೆ. ಬೇರೆ ಅಂಗಡಿಯ ಬಾಗಿಲು ಮುಚ್ಚುತ್ತದೆ, ತಂಗಿಯ ಮದುವೆಯ ಮಾತುಕತೆ ಮುರಿಯುತ್ತದೆ. ಕೆಲಸ ಕಳೆದುಕೊಂಡವನು ಇನ್ನೊಂದು ಕೆಲಸ ಹುಡುಕಬಹುದು, ಆದರೆ ಹೋದ ಮಾನವನ್ನು ಎಲ್ಲಿ ಹುಡುಕುವುದು?

ಸಹೋದರರೇ, ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಕ್ರಮ ಕೈಗೊಂಡು ಬಳಿಕ ಪಶ್ಚಾತ್ತಾಪ ಪಡಬೇಡಿರೆಂದು ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನಲ್ಲಿ ಎಚ್ಚರಿಸಿದೆ. ಪ್ರವಾದಿ(ಸ) ಯುವಕ ಅಲೀ(ರ)ಯವರನ್ನು ಯಮನಿಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಒಬ್ಬನ ಮಾತು ಕೇಳಿದಂತೆಯೇ ಇನ್ನೊಬ್ಬನ ಮಾತನ್ನೂ ಕೇಳುವವರೆಗೆ ತೀರ್ಪು ಕೊಡಬಾರದೆಂದು ಉಪದೇಶಿಸಿದರು. ಇಂದಿನ ನ್ಯಾಯಶಾಸ್ತ್ರವು ಸಹಜ ನ್ಯಾಯವೆಂದು ಕರೆಯುವ ತತ್ವ ಇದೇ ಅಲ್ಲವೇ?

ದ್ವಿತೀಯ ಖಲೀಫಾ ಉಮರ್(ರ)ರ ಕಾಲದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಕೂಫಾದ ಜನರು ತಮ್ಮ ರಾಜ್ಯಪಾಲ ಸಅದ್ ಬಿನ್ ಅಬೀ ವಕ್ಕಾಸ್(ರ)ರ ವಿರುದ್ಧ ದೂರುಗಳನ್ನು ಒಯ್ದರು. ಅವರು ನಮಾಝನ್ನೂ ಸರಿಯಾಗಿ ನಿರ್ವಹಿಸುವುದಿಲ್ಲ ಎನ್ನುವಷ್ಟರ ಮಟ್ಟಿಗೆ ದೂರು ಬೆಳೆಯಿತು. ಖಲೀಫರು ಅವರ ಸ್ಥಾನಕ್ಕೆ ಅಮ್ಮಾರ್(ರ)ರನ್ನು ನೇಮಿಸಿದರು. ಆದರೆ ವಿಷಯವನ್ನು ಅಲ್ಲಿಗೆ ಬಿಡಲಿಲ್ಲ. ಸಅದ್(ರ)ರನ್ನು ಕರೆಸಿ ನೇರವಾಗಿ ಕೇಳಿದರು, ಉತ್ತರವನ್ನು ಆಲಿಸಿದರು. ಆ ಬಳಿಕ ಅವರೊಡನೆ ಜನರನ್ನು ಕೂಫಾಕ್ಕೆ ಕಳುಹಿಸಿ ಒಂದೊಂದು ಮಸೀದಿಯಲ್ಲೂ ವಿಚಾರಿಸಿದರು. ಎಲ್ಲೆಡೆ ಪ್ರಶಂಸೆಯೇ ಕೇಳಿಬಂತು. ಒಂದು ಮಸೀದಿಯಲ್ಲಿ ಒಬ್ಬ ವ್ಯಕ್ತಿ ಮಾತ್ರ ದೂರಿದನು. ವರ್ಷಗಳ ಬಳಿಕ ಮರಣಶಯ್ಯೆಯಲ್ಲಿದ್ದಾಗಲೂ ಉಮರ್(ರ) ಆ ವಿಷಯವನ್ನು ಮರೆಯಲಿಲ್ಲ. ಸಅದ್‌ರನ್ನು ತಾನು ತೆಗೆದುದು ಅಸಾಮರ್ಥ್ಯಕ್ಕಾಗಿಯೋ ವಂಚನೆಗಾಗಿಯೋ ಅಲ್ಲವೆಂದು ಎಲ್ಲರ ಮುಂದೆ ಸ್ಪಷ್ಟಪಡಿಸಿದರು. ಒಬ್ಬನನ್ನು ಹುದ್ದೆಯಿಂದ ಸರಿಸುವುದು ಬೇರೆ, ಅವನಿಗೆ ಕಳಂಕ ಹಚ್ಚುವುದು ಬೇರೆ ಎಂಬ ವಿವೇಕ ಅವರಲ್ಲಿತ್ತು. ಕಳಂಕ ಹಚ್ಚಿ ತೆಗೆಯಬೇಕಾದರೆ ವಿಚಾರಣೆ ಬೇಕೆಂದು ನಮ್ಮ ನ್ಯಾಯಾಲಯಗಳೂ ಹೇಳುತ್ತಾ ಬಂದಿವೆ.

ಗೈರುಹಾಜರಿಯ ನೆಪದಲ್ಲಿ ನೌಕರನ ಹೆಸರನ್ನು ಸದ್ದಿಲ್ಲದೆ ಪಟ್ಟಿಯಿಂದ ಹೊಡೆದುಹಾಕುವ ಪದ್ಧತಿಯೂ ನಮ್ಮಲ್ಲಿದೆ. ತಾಯಿಯ ಚಿಕಿತ್ಸೆಗೆಂದು ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಹತ್ತು ದಿನ ನಿಂತವನು ಮರಳುವಾಗ ಅವನ ಜಾಗದಲ್ಲಿ ಬೇರೊಬ್ಬನಿರುತ್ತಾನೆ. 'ನೀನಾಗಿಯೇ ಬಿಟ್ಟುಹೋದೆ' ಎಂಬ ಉತ್ತರ ಸಿಗುತ್ತದೆ. 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಇದನ್ನು ತಿರಸ್ಕರಿಸಿತು. ಅದೊಂದು ಖಾಸಗಿ ಕಾರ್ಖಾನೆ. ಎಂಟು ದಿನಗಳಿಗಿಂತ ಹೆಚ್ಚು ಗೈರಾದರೆ ಕೆಲಸ ತನ್ನಿಂತಾನೇ ಹೋಗುತ್ತದೆಂದು ಅದರ ನಿಯಮಾವಳಿಯಲ್ಲೇ ಬರೆದಿತ್ತು. ಹಾಗಿದ್ದೂ ವಿಚಾರಣೆಯಿಲ್ಲದೆ ತೆಗೆಯುವುದು ಜೀವಿಸುವ ಹಕ್ಕಿಗೇ ಧಕ್ಕೆಯೆಂದು ನ್ಯಾಯಾಲಯ ಹೇಳಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ.

ಇನ್ನು ಎಂದೆಂದಿಗೂ ಕಾರಣವಾಗಲಾರದ ಸಂಗತಿಗಳಿವೆ. ಗರ್ಭಿಣಿಯಾದಳೆಂದು ಅಥವಾ ಹೆರಿಗೆ ರಜೆಯಲ್ಲಿದ್ದಾಳೆಂದು ತೆಗೆಯುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ನಿಷಿದ್ಧವಾಗಿತ್ತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ನಿಷಿದ್ಧವೇ. ಕಾರ್ಮಿಕ ಸಂಘಕ್ಕೆ ಸೇರಿದನೆಂದು ತೆಗೆಯುವುದು ಅನ್ಯಾಯದ ಕಾರ್ಮಿಕ ಪದ್ಧತಿ. ಬಾಕಿ ಸಂಬಳ ಕೇಳಿದನೆಂಬ ಕೋಪ ಸಮಂಜಸವಾದ ಕಾರಣವಲ್ಲ. ಹೊರಗಿನ ಗುಂಪಿನ ಒತ್ತಡವೂ ಅಲ್ಲ. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಜೆಪ್ಪುವಿನ ಸೈಂಟ್ ಜೆರೋಸಾ ಶಾಲೆಯಲ್ಲಿ ನಡೆದುದು ನಮಗೆಲ್ಲ ನೆನಪಿದೆ. ಶಿಕ್ಷಕಿಯೋರ್ವರು ಪಾಠದ ವೇಳೆ ಹಿಂದೂ ಧರ್ಮವನ್ನು ನಿಂದಿಸಿದರೆಂಬ ಆರೋಪ ಬಂತು. ಶಾಲೆಯ ಮುಂದೆ ಪ್ರತಿಭಟನೆ ನಡೆಯಿತು, ಶಾಸಕರೂ ಅದರಲ್ಲಿ ಸೇರಿದರು. ಆಡಳಿತವು ಶಿಕ್ಷಕಿಯನ್ನು ಕೆಲಸದಿಂದ ತೆಗೆದಿರುವುದಾಗಿ ಪ್ರಕಟಿಸಿತು. ಸರಕಾರ ತನಿಖೆಗೆ ಆದೇಶಿಸಿದ್ದು ಅದರ ಬಳಿಕ. ಆರೋಪದ ಸತ್ಯಾಸತ್ಯತೆಯನ್ನು ನಾವಿಲ್ಲಿ ಚರ್ಚಿಸುವುದಿಲ್ಲ. ಮೊದಲು ಶಿಕ್ಷೆ, ಆಮೇಲೆ ತನಿಖೆ ಎಂಬ ಆ ಕ್ರಮವೇ ತಲೆಕೆಳಗಾದುದು. ಇಂದು ಒಂದು ಸಮುದಾಯದ ಶಾಲೆಯ ಬಾಗಿಲಲ್ಲಿ ಗುಂಪು ನಿಂತಿತು. ನಾಳೆ ಇನ್ನೊಂದರ ಬಾಗಿಲಲ್ಲಿ ನಿಲ್ಲದೆಂದು ಹೇಳುವವರಾರು? ಅಂದು ನಮ್ಮ ಬಳಿ ಲಿಖಿತ ನಿಯಮ ಇದ್ದರೆ, ಅದರಂತೆ ವಿಚಾರಣೆ ನಡೆಸುತ್ತೇವೆಂದು ಹೇಳುವ ಧೈರ್ಯ ಇರುತ್ತದೆ. ನಿಯಮವೇ ಇಲ್ಲದವನಿಗೆ ಗದ್ದಲವೇ ನಿಯಮ.

ನಮ್ಮ ಸಮುದಾಯದ ಶಾಲೆಗಳ ಕುರಿತು ಒಂದು ಕಟುಸತ್ಯವನ್ನು ಹೇಳಲೇಬೇಕು. ಅಲ್ಪಸಂಖ್ಯಾತ ಸಂಸ್ಥೆ ಎಂಬ ಸ್ಥಾನಮಾನವು ಶಿಕ್ಷಕಿಯರನ್ನು ಮನಬಂದಂತೆ ತೆಗೆಯಲು ದೊರೆತ ಪರವಾನಿಗೆ ಎಂದು ಕೆಲವರು ಭಾವಿಸಿದ್ದಾರೆ. 1986ರ ಫ್ರಾಂಕ್ ಆಂಟನಿ ಶಾಲೆಯ ತೀರ್ಪು ಆ ಭ್ರಮೆಯನ್ನು ಹರಿದಿದೆ. ಸಿಬ್ಬಂದಿಯ ಸೇವಾ ಭದ್ರತೆಯನ್ನು ರಕ್ಷಿಸುವ ನಿಯಮಗಳು ಅಲ್ಪಸಂಖ್ಯಾತ ಹಕ್ಕಿಗೆ ವಿರುದ್ಧವಲ್ಲವೆಂದು ಅದು ಹೇಳಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ನೀಡಿದ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ನಮ್ಮ ಕರಾವಳಿಯ ಮಣಿಪಾಲದಿಂದಲೇ ಹೊರಟ ಮೊಕದ್ದಮೆ. ಆಡಳಿತ ಮಂಡಳಿಗಳಿಗೆ ವಿಶಾಲವಾದ ಸ್ವಾತಂತ್ರ್ಯ ಕೊಟ್ಟ ತೀರ್ಪದು. ಅದೂ ಸಹ ಶಿಕ್ಷಕರನ್ನು ತೆಗೆಯುವ ಮುನ್ನ ಆಂತರಿಕ ವಿಚಾರಣೆ ಬೇಕು, ನೊಂದವರಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ನ್ಯಾಯಮಂಡಳಿ ಬೇಕು ಎಂದಿತು. ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಪ್ರಕಾರ ವಿಚಾರಣೆಯಿಲ್ಲದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ. 94ನೇ ಕಲಂ ಪ್ರಕಾರ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆಯ ಗೊಡವೆಯೇ ಬೇಡವೆಂದು ಶಿಕ್ಷಕಿಯಿಂದ ರಾಜೀನಾಮೆ ಬರೆಸಿಕೊಳ್ಳುವ ಜಾಣತನವೂ ಕೆಲವೆಡೆ ಇದೆ. ಬಲವಂತದ ರಾಜೀನಾಮೆ ರಾಜೀನಾಮೆಯಲ್ಲ, ಬೇರೆ ಹೆಸರಿನ ವಜಾ. 2013ರಲ್ಲಿ ಮಹಾರಾಷ್ಟ್ರದ ಶಿಕ್ಷಕಿ ದೀಪಾಲಿ ಸುರ್ವಸೆ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಅನ್ಯಾಯವಾಗಿ ತೆಗೆಯಲ್ಪಟ್ಟವರಿಗೆ ಪೂರ್ಣ ಹಿಂಬಾಕಿ ವೇತನವೇ ಸಾಮಾನ್ಯ ನಿಯಮವೆಂದು ಹೇಳಿತು. ಅಂತಹ ಆದೇಶ ಬಂದಾಗ ಆಡಳಿತ ಮಂಡಳಿ ಕಟ್ಟುವುದು ಯಾರ ಹಣ? ಸಮುದಾಯದ ಬಡವರು ಕೊಟ್ಟ ದೇಣಿಗೆಯಲ್ಲವೇ?

ಕೆಲಸದಿಂದ ತೆಗೆಯಲು ಬಾಯಿಮಾತೂ ಬೇಡದ ಒಂದು ಕಸುಬು ನಮ್ಮ ಮನೆಯೊಳಗೇ ಇದೆ. ಈ ಮೂರು ತಾಲೂಕುಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟಿಲ್ಲ? ಅವರನ್ನು ಯಾರೂ ವಜಾ ಮಾಡುವುದಿಲ್ಲ. ಬ್ರಾಂಚಿನಲ್ಲಿ ಎಲೆ ಮತ್ತು ಹೊಗೆಸೊಪ್ಪು ಕೊಡುವುದನ್ನು ನಿಲ್ಲಿಸಲಾಗುತ್ತದೆ, ಅಷ್ಟೇ. ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಘೋಷಿಸಿತು. ಆರು ತಿಂಗಳು ದುಡಿದವಳನ್ನು ಸಮಂಜಸ ಕಾರಣ ಮತ್ತು ಒಂದು ತಿಂಗಳ ಮುನ್ಸೂಚನೆಯಿಲ್ಲದೆ ತೆಗೆಯುವಂತಿಲ್ಲವೆಂದು ಅದರ 31ನೇ ಕಲಂ ಹೇಳಿತ್ತು. ಬೀಡಿ ಉದ್ಯಮಿಗಳು ಆ ಕಾಯ್ದೆಯನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಮ್ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ದೇಶದ ಬೀಡಿ ಕಾರ್ಮಿಕರಿಗೆಲ್ಲ ಆಧಾರವಾದ ತೀರ್ಪು ಮಂಗಳೂರಿನ ಹೆಸರು ಹೊತ್ತ ಉದ್ಯಮದ ಹೆಸರಿನಲ್ಲಿದೆ. ಆದರೆ ಅದನ್ನು ಬಲ್ಲ ಬೀಡಿ ಕಾರ್ಮಿಕ ಮಹಿಳೆಯರು ನಮ್ಮಲ್ಲಿ ಎಷ್ಟು ಮಂದಿ?

ಈಗ ಕಾನೂನಿನ ಚಿತ್ರ ಬದಲಾಗಿದೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಮೇಲೆ ಹೇಳಿದ ಬೀಡಿ ಕಾಯ್ದೆಯೂ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಅವುಗಳೊಳಗೆ ಲೀನವಾದವು. ಮೊದಲು ನೂರು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸಿಬ್ಬಂದಿ ಕಡಿತಕ್ಕೆ ಸರಕಾರದ ಪೂರ್ವಾನುಮತಿ ಬೇಕಿತ್ತು. ಈಗ ಆ ಮಿತಿ ಮುನ್ನೂರು. ಉದ್ಯಮಕ್ಕೆ ಅನುಕೂಲ ಎಂಬುದು ಸರಕಾರದ ವಾದ. ಅನುಕೂಲದ ಬೆಲೆಯನ್ನು ತೆರುವವರು ಯಾರೆಂದು ಕಾರ್ಮಿಕ ಸಂಘಟನೆಗಳು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಆದರೂ ಕೆಲವು ರಕ್ಷಣೆಗಳು ಉಳಿದಿವೆ, ಅವನ್ನು ನಾವು ಅರಿತಿರಬೇಕು. ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಕಡಿತಗೊಳಿಸುವಾಗ ಒಂದು ತಿಂಗಳ ಮುನ್ಸೂಚನೆ ಅಥವಾ ವೇತನ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನಗಳ ಸರಾಸರಿ ವೇತನ ಪರಿಹಾರವಾಗಿ ಸಲ್ಲಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವನು ಮೊದಲು ಹೋಗಬೇಕು, ಇಪ್ಪತ್ತು ವರ್ಷ ದುಡಿದ ಹಿರಿಯನಲ್ಲ. ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನವನ್ನು ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ ಸಮುದಾಯಕ್ಕೆ ಎರಡು ದಿನವೂ ದೀರ್ಘವೇ.

ಗಲ್ಫಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಇದೆಲ್ಲ ಹೊಸ ವಿಷಯವಲ್ಲ. ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನ 80ನೇ ವಿಧಿಯ ಹೆಸರು ಕೇಳಿದರೆ ಅವರ ಎದೆ ಹೊಡೆದುಕೊಳ್ಳುತ್ತದೆ. ಮುನ್ಸೂಚನೆಯೂ ಪರಿಹಾರವೂ ಇಲ್ಲದೆ ತೆಗೆಯಬಹುದಾದ ಕಾರಣಗಳು ಅದರಲ್ಲಿವೆ. ಆ ಕಠಿಣ ವಿಧಿ ಕೂಡಾ ಕಾರ್ಮಿಕನಿಗೆ ತನ್ನ ಆಕ್ಷೇಪವನ್ನು ಹೇಳಲು ಅವಕಾಶ ಕೊಡಬೇಕೆಂಬ ಶರತ್ತು ಹಾಕಿದೆ. ಅಲ್ಲಿ ಕಫೀಲನಿಂದ ನಮ್ಮ ಮಗನಿಗೆ ಯಾವ ನ್ಯಾಯ ಸಿಗಬೇಕೆಂದು ನಾವು ಪ್ರಾರ್ಥಿಸುತ್ತೇವೆಯೋ ಅದೇ ನ್ಯಾಯವನ್ನು ಇಲ್ಲಿ ನಮ್ಮ ಅಂಗಡಿಯ ಹುಡುಗನಿಗೆ ಕೊಡಲು ನಮಗೇನು ಅಡ್ಡಿ? ಆ ಹುಡುಗ ಯಾವ ಧರ್ಮದವನೇ ಆಗಿರಲಿ, ನ್ಯಾಯದ ತಕ್ಕಡಿ ಒಂದೇ.

ಕೊನೆಯದಾಗಿ, ಕಾನೂನು ಸರಿಯಾಗಿ ತಲುಪದ ಒಂದು ಜಾಗದ ಬಗ್ಗೆ ಹೇಳಬೇಕು. ಅದು ನಮ್ಮ ಮಸೀದಿ ಮತ್ತು ಮದ್ರಸ. ಹೊಸ ಸಂಹಿತೆಯು ಪ್ರಧಾನವಾಗಿ ದಾನಧರ್ಮ, ಸಮಾಜಸೇವೆಗಳಲ್ಲಿ ತೊಡಗಿರುವ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇಮಾಮರ ದುಡಿಮೆಗೆ ಯೋಗ್ಯ ವೇತನ ಸಲ್ಲಬೇಕೆಂದು 1993ರಲ್ಲಿ ಸುಪ್ರೀಮ್ ಕೋರ್ಟು ಹೇಳಿತಾದರೂ, ನಮ್ಮ ಮೊಹಲ್ಲಾಗಳ ಉಸ್ತಾದರ ಸೇವಾಭದ್ರತೆ ಇಂದಿಗೂ ಕಮಿಟಿಯ ಮರ್ಜಿಯ ಮೇಲಿದೆ. ಹೊಸ ಕಮಿಟಿ ಬಂದರೆ ಹಳೆಯ ಖತೀಬರು ಹೋಗಬೇಕು. ಅಧ್ಯಕ್ಷರ ಮನೆಯ ಮದುವೆಯಲ್ಲಿ ವರದಕ್ಷಿಣೆಯ ವಿರುದ್ಧ ಎರಡು ಮಾತು ಹೇಳಿದರೆ ಮುಅಲ್ಲಿಮರು ಹೋಗಬೇಕು. ಇಶಾ ನಮಾಝಿನ ಬಳಿಕ ಕುಳಿತ ನಾಲ್ವರು ತೀರ್ಮಾನಿಸುತ್ತಾರೆ, ಸುಬಹಿಗೆ ಪೆಟ್ಟಿಗೆ ಕಟ್ಟಲು ಹೇಳುತ್ತಾರೆ. ಮಕ್ಕಳ ಶಾಲಾ ವರ್ಷದ ನಡುವೆ ಆ ಕುಟುಂಬ ಎಲ್ಲಿಗೆ ಹೋಗಬೇಕು? ಸರಕಾರ ಅನ್ಯಾಯ ಮಾಡಿದರೆ ಬೀದಿಗಿಳಿಯುವ ನಾವು ಈ ಅನ್ಯಾಯಕ್ಕೆ ಮಾತ್ರ ಆಮೀನ್ ಹೇಳುವುದೇ? ಕಾನೂನಿನ ಕೈ ತಲುಪದ ಜಾಗದಲ್ಲೇ ಅಲ್ಲವೇ ಈಮಾನಿನ ಪರೀಕ್ಷೆ?

ಆದುದರಿಂದ ಈ ಮೂರು ತಾಲೂಕುಗಳ ಜಮಾಅತ್‌ಗಳು, ಶಾಲೆಗಳು, ವ್ಯಾಪಾರಿಗಳು ನಾಲ್ಕು ನಿರ್ಧಾರಗಳನ್ನು ಕೈಗೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಪ್ರತಿ ನೌಕರನಿಗೂ ವೇತನ ಮತ್ತು ಶರತ್ತುಗಳನ್ನು ಬರೆದ ನೇಮಕಾತಿ ಪತ್ರ ಕೊಡೋಣ. ಆರೋಪ ಬಂದರೆ ಲಿಖಿತವಾಗಿ ತಿಳಿಸಿ, ಉತ್ತರ ಪಡೆದು, ಜಗಳದಲ್ಲಿ ಪಾಲಿಲ್ಲದ ಮೂವರಿಂದ ವಿಚಾರಣೆ ನಡೆಸೋಣ. ಶಿಕ್ಷೆ ತಪ್ಪಿಗೆ ತಕ್ಕಂತಿರಲಿ, ಒಂದು ದಿನ ತಡವಾಗಿ ಬಂದವನಿಗೆ ಎಚ್ಚರಿಕೆ ಸಾಕು. ಅನಿವಾರ್ಯವಾಗಿ ಬಿಡಿಸಲೇಬೇಕಾದರೆ ಕನಿಷ್ಠ ಒಂದು ತಿಂಗಳ ಅವಧಿ, ಎಲ್ಲ ಬಾಕಿ ಹಾಗೂ ಕಳಂಕವಿಲ್ಲದ ಸೇವಾ ಪತ್ರ ಕೊಟ್ಟು ಕಳುಹಿಸೋಣ.

ನೌಕರ ಬಂಧುಗಳಿಗೂ ಒಂದು ಮಾತು. ಹಕ್ಕಿನ ಜೊತೆ ಹೊಣೆಯೂ ಇದೆ. ಮಾಲಕನ ಸಮಯ ಮತ್ತು ಸೊತ್ತು ನಿಮ್ಮ ಕೈಯಲ್ಲಿರುವ ಅಮಾನತ್ತು. ಅದರಲ್ಲಿ ವಂಚಿಸಿದವನಿಗೆ ಕಾನೂನಿನ ಕೊಡೆ ನೆರಳಾಗದು. ಆದರೆ ಅನ್ಯಾಯವಾಗಿ ತೆಗೆಯಲ್ಪಟ್ಟರೆ ಸುಮ್ಮನೆ ಕೂರಬೇಡಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಸಂಬಳದ ಚೀಟಿ, ಪಿ.ಎಫ್. ಪುಸ್ತಕ, ಮೊಬೈಲಿನ ಸಂದೇಶಗಳನ್ನು ಕಾಪಾಡಿಕೊಳ್ಳಿ. ಕಾರ್ಮಿಕ ಇಲಾಖೆಗೆ ಬೇಗನೆ ಲಿಖಿತ ದೂರು ಕೊಡಿ, ಏಕೆಂದರೆ ಕಾನೂನು ಕಾಲಮಿತಿಯನ್ನು ನೋಡುತ್ತದೆ. ವಕೀಲರ ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಕೆಲಸಗಾರನಿಂದ ಪೂರ್ಣ ದುಡಿಮೆ ಪಡೆದು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನದಂದು ತಾನೇ ವಾದಿಯಾಗುವೆನೆಂದು ಅಲ್ಲಾಹನು ಎಚ್ಚರಿಸಿರುವುದನ್ನು ಪ್ರವಾದಿ(ಸ) ನಮಗೆ ತಿಳಿಸಿದ್ದಾರೆ. ಆ ನ್ಯಾಯಾಲಯದಲ್ಲಿ ನಮ್ಮ ಮಾತನ್ನು ಪೂರ್ಣವಾಗಿ ಆಲಿಸಲಾಗುವುದು, ನಮ್ಮ ಕರ್ಮಗ್ರಂಥವನ್ನು ನಮ್ಮ ಕೈಗೇ ಕೊಡಲಾಗುವುದು. ವಿಚಾರಣೆಯಿಲ್ಲದ ಶಿಕ್ಷೆ ಅಲ್ಲೂ ಇಲ್ಲ. ಎಲ್ಲವನ್ನೂ ಬಲ್ಲ ಒಡೆಯನೇ ತನ್ನ ದಾಸನ ಮಾತನ್ನು ಆಲಿಸುವನೆಂದಾದರೆ, ಏನನ್ನೂ ಪೂರ್ತಿಯಾಗಿ ತಿಳಿಯದ ನಾವು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು 'ನಾಳೆಯಿಂದ ಬರಬೇಡ' ಎನ್ನುವುದು ಹೇಗೆ?

ನ್ಯಾಯವನ್ನು ಬಯಸುವ ಮುನ್ನ ನ್ಯಾಯವನ್ನು ಕೊಡುವವರಾಗಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.